ಹಿಮದ ಹಾದಿಗೆ ಕೊಬ್ಬರಿ ಎಣ್ಣೆ

ಕಳೆದ ಜುಲೈನಲ್ಲಿ, ಆಸ್ಟ್ರೇಲಿಯಾದ ನಡು ಚಳಿಗಾಲದಲ್ಲಿ, ಮಗಳನ್ನು ನೋಡಲು ಅಡಿಲೇಡಿಗೆ ಹೋಗಿದ್ದೆ. ಮಾನ್ಯ ಅಲ್ಲಿ ಓದುತ್ತಿದ್ದಾಳೆ. ಭಾನುವಾರ ಬೆಳಗ್ಗೆ ಅವಳಿನ್ನೂ ಮುಸುಕು ಹೊದ್ದು ಮಲಗಿದ್ದಾಗ ನಾನೊಬ್ಬಳೇ ಊರಾಚೆಯ ಗುಡ್ಡದ ಕಡೆಗೆ ಹೋದೆ. ಕಾಲುದಾರಿಯ ಗುಂಡಿಯಲ್ಲಿ ನಿಂತ ನೀರು ಚಳಿಗೆ ಗಟ್ಟಿಯಾಗಿತ್ತು. ಶೂ ಇಟ್ಟೆ, ಕಟಕ್ ಎಂದು ಒಡೆಯಿತು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಮೂರು ವರ್ಷದ ಹಿಂದಿನ ಸಿಟ್ಟು ಮೈಯೆಲ್ಲ ಏರಿತು. ಹೌದು, ಸಿಟ್ಟೇ. ಜನ ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ, ನಾನು ಹಲ್ಲು ಕಡಿಯುತ್ತೇನೆ. ಏನು ಮಾಡಲಿ, ನನ್ನ ಜಾಯಮಾನವೇ ಹಾಗೆ.

ಆ ಚಳಿಗಾಲದಲ್ಲಿ ನನಗೆ ನಲವತ್ತೆಂಟು. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಪರ್ತ್‌ಗೆ ಬಂದು, ಉತ್ತರದ ಕಬ್ಬಿಣದ ಗಣಿಗಳಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೆ. ಎರಡು ವಾರ ಗಣಿ, ಒಂದು ವಾರ ಪರ್ತ್‌ನ ಹ್ಯಾರಿಸ್‌ಡೇಲ್ ಬಡಾವಣೆಯ ಮನೆ. ಒಂದು ದಿನ ಗಣಿಯ ಇಳಿಜಾರಿನಲ್ಲಿ ಕಾಲು ಜಾರಿ ಬಲ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಆಮೇಲೆ ಆಫೀಸಿನವರು ಬಹಳ ನಯವಾಗಿ, ಇನ್ನು ಫೀಲ್ಡ್ ಬೇಡ, ಊರಿನಲ್ಲೇ ಡೆಸ್ಕ್ ಕೊಡುತ್ತೇವೆ ಎಂದರು. ಕಲ್ಲನ್ನು ಕೈಯಲ್ಲಿ ಹಿಡಿದು, ಒಡೆದು, ಬೇಕಾದರೆ ನಾಲಿಗೆಗೂ ತಾಗಿಸಿ ಗುರುತು ಹಿಡಿಯುತ್ತಿದ್ದವಳು ಈಗ ಏಸಿ ರೂಮಿನಲ್ಲಿ ಕೂತು ಕಲ್ಲಿನ ಫೋಟೋ ನೋಡಿ ಷರಾ ಬರೆಯಬೇಕಾಯಿತು. ಫೋಟೋ ನೋಡಿ ಗಂಡು ಒಪ್ಪಿಕೊಂಡ ಹಾಗೆ! ಎರಡು ವರ್ಷ ಆ ಕುರ್ಚಿಯಲ್ಲಿ ಕೊಳೆತೆ.

ಮಂಡಿಗೆ ಒಳ್ಳೆಯದು, ಸೈಕಲ್ ತುಳಿಯಿರಿ ಎಂದು ಫಿಸಿಯೋ ಹೇಳಿದ್ದು ಮನೆಯೊಳಗೆ ನಿಲ್ಲಿಸಿ ತುಳಿಯುವ ಸೈಕಲ್ಲನ್ನು. ನಾನು ಕೊಂಡದ್ದು ಬೇರೆ. ಆಫೀಸಿನ ಕೆಲಸಕ್ಕೆ ಬ್ರಿಸ್ಬೇನಿಗೆ ಹೋದಾಗ ಸನ್ನಿಬ್ಯಾಂಕ್‌ನಲ್ಲಿರುವ ಗೆಳತಿಯ ಮನೆಯಲ್ಲಿ ಉಳಿದಿದ್ದೆ. ಅವಳ ಪಕ್ಕದ ಮನೆಯಾತ ಗ್ಯಾರೇಜು ಖಾಲಿ ಮಾಡುತ್ತಿದ್ದ. ಅಲ್ಲೊಂದು ಫ್ಯಾಟ್ ಬೈಕ್ ಗೋಡೆಗೆ ಒರಗಿತ್ತು. ಬೈಕ್ ಎಂದರೆ ಮೋಟಾರಿನದಲ್ಲ, ಸೈಕಲ್ಲೇ. ಆದರೆ ಟೈರು ನನ್ನ ತೋಳಿನಷ್ಟು ದಪ್ಪ. ಗಾಳಿ ಕಡಿಮೆ ಮಾಡಿದರೆ ಮರಳಿನ ಮೇಲೂ ಹೂತುಕೊಳ್ಳದೆ ಹೋಗುತ್ತದೆ, ಹಿಮದ ಮೇಲೂ ಹೋಗುತ್ತದೆ. ಹತ್ತಿ ಒಂದು ಸುತ್ತು ಹೊಡೆದೆ. ಎರಡು ವರ್ಷದ ಮೇಲೆ ಮೊದಲ ಬಾರಿಗೆ ಮಂಡಿ ನನ್ನದು ಅನ್ನಿಸಿತು. ಪೆಟ್ಟಿಗೆಗೆ ಹಾಕಿಸಿ ವಿಮಾನದಲ್ಲಿ ಪರ್ತ್‌ಗೆ ತಂದೆ.

ವಿಕ್ಟೋರಿಯಾದ ಬೆಟ್ಟಗಳಲ್ಲಿ ಆಗಸ್ಟ್ ತಿಂಗಳಲ್ಲಿ ಹಿಮದ ಹಾದಿಯ ಮೇಲೆ ಫ್ಯಾಟ್ ಬೈಕ್ ರೇಸ್ ಇದೆ ಎಂದು ತಿಳಿದದ್ದು ಆಮೇಲೆ. ನಲವತ್ತು ಕಿಲೋಮೀಟರು. ಬೆಳಗ್ಗೆ ಎಂಟಕ್ಕೆ ಶುರು, ಮಧ್ಯಾಹ್ನ ಎರಡರೊಳಗೆ ಮುಗಿಸಬೇಕು. ಹೆಸರು ಕೊಟ್ಟೆ.

ಯುಗಾದಿಗೆ ನಮ್ಮ ಮನೆಯಲ್ಲಿ ಊಟ. ಮೂವತ್ತು ಜನ ಸೇರಿದ್ದರು. ನನ್ನ ಗಂಡ ಪ್ರಕಾಶ ತಡೆಯಲಾರದೆ ರೇಸಿನ ವಿಷಯ ಬಾಯಿಬಿಟ್ಟ. ವಿಲೆಟನ್‌ನ ನಾಗರಾಜ್ ಕೈಯಲ್ಲಿ ಒಬ್ಬಟ್ಟು ಹಿಡಿದುಕೊಂಡೇ ಶುರುಮಾಡಿದರು. ನಾಗರಾಜ್ ನಮ್ಮ ಪರ್ತ್ ಕನ್ನಡಿಗರ ಗುಂಪಿನ ಹಿರಿಯರು, ಒಳ್ಳೆಯವರು, ಆದರೆ ನಾಲಿಗೆಗೆ ಮೂಳೆಯಿಲ್ಲ.

"ಏನ್ ಮೇಡಂ, ಐಸ್ ಮೇಲೆ ಸೈಕಲ್ ಹೊಡೀತೀರಂತೆ? ಇರೋ ಒಂದು ಮಂಡೀನೂ ಮುರ್ಕೊಂಡ್ರೆ ಪಾಪ ಪ್ರಕಾಶ ಸಾರು ಮಾಡೋದು ಕಲೀಬೇಕಾಗತ್ತೆ! ಈ ವಯಸ್ಸಲ್ಲಿ ಲಲಿತಾ ಸಹಸ್ರನಾಮದ ಗ್ರೂಪ್ ಸೇರ್ಕೊಳ್ಳೋದು ಬಿಟ್ಟು..."

ಎಲ್ಲರೂ ನಕ್ಕರು. ಪ್ರಕಾಶನೂ ನಕ್ಕ. ಅದು ನನಗೆ ಚುಚ್ಚಿತು.

"ಕೇಳಿ ನಾಗರಾಜ್ ಅವರೇ," ಎಂದೆ. "ಟೈಮೊಳಗೆ ಮುಗಿಸ್ಲಿಲ್ಲ ಅಂದ್ರೆ ಆ ಸೈಕಲ್ಲನ್ನ ಮಾರ್ಬಿಡ್ತೀನಿ. ಮತ್ತೆ ಮುಟ್ಟಲ್ಲ. ಗಣೇಶನ ಹಬ್ಬಕ್ಕೆ ನಿಮ್ಮನೇಲಿ, ಇದೇ ಜನರ ಮುಂದೆ ನಿಂತು ಹೇಳ್ತೀನಿ."

ಸೋಫಾದ ತುದಿಯಲ್ಲಿ ಕೂತಿದ್ದ ನಮ್ಮತ್ತೆ ಎಲೆಗೆ ಸುಣ್ಣ ಸವರುತ್ತಾ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದರು. ಅಷ್ಟೇ.

ಅತ್ತೆಗೆ ಆಗ ಎಪ್ಪತ್ತಾರು. ಮೈಸೂರಿನಿಂದ ಒಂದು ವರ್ಷಕ್ಕೆ ನಮ್ಮಲ್ಲಿಗೆ ಬಂದಿದ್ದರು. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದು ಇಬ್ಬರು ಮಕ್ಕಳನ್ನು ಓದಿಸಿದ ಹೆಂಗಸು. ಹೊಗಳಿಕೆ ಎಂಬುದು ಅವರ ಬಾಯಲ್ಲಿ ನಾನು ಕೇಳಿಲ್ಲ. ಏಪ್ರಿಲ್‌ನಿಂದ ನಾನು ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಐದಕ್ಕೆ ಎದ್ದು ಹೊರಡುವಾಗ ಅವರೂ ಎದ್ದಿರುತ್ತಿದ್ದರು. "ಹುಚ್ಚಿಗೆ ಹೊತ್ತು ಗೊತ್ತು ಇಲ್ಲ" ಎಂದು ಗೊಣಗಿ ಕಾಫಿ ಕೊಡುತ್ತಿದ್ದರು. ಪರ್ತ್‌ನಲ್ಲಿ ಹಿಮ ಎಲ್ಲಿಂದ ಬರಬೇಕು? ಊರಿನ ದಕ್ಷಿಣಕ್ಕೆ ಕಡಲ ದಂಡೆಯ ಮರಳ ದಿಬ್ಬಗಳಲ್ಲಿ ತುಳಿಯುತ್ತಿದ್ದೆ. ಮರಳೂ ಹಿಮದ ಹಾಗೆಯೇ, ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಕೆಡವುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಕಡಲ ಗಾಳಿ ಕೆನ್ನೆಗೆ ಬಾರಿಸುತ್ತಿತ್ತು, ದಿಬ್ಬದ ನೆತ್ತಿಯಲ್ಲಿ ನಾನೊಬ್ಬಳೇ ನಿಂತು ಯಾರಿಗೋ ಬಯ್ಯುತ್ತಿದ್ದೆ. ಬಿದ್ದು ಎದ್ದು ಮನೆಗೆ ಬಂದರೆ ಅತ್ತೆ ಬಾಣಲೆಯಲ್ಲಿ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಮಂಡಿಗೆ ಶಾಖ ಕೊಡುತ್ತಿದ್ದರು. ಕೊಡುತ್ತಲೇ ಬಯ್ಯುತ್ತಿದ್ದರು.

ಆಗಸ್ಟ್ ಬಂತು. ಹೊರಡುವ ಹಿಂದಿನ ಸಂಜೆ ಆಫೀಸಿನಿಂದ ಬಂದಾಗ ಗ್ಯಾರೇಜಿನಲ್ಲಿ ಸೈಕಲ್ಲಿಗೆ ಪೂಜೆಯಾಗಿತ್ತು. ಹ್ಯಾಂಡಲ್‌ಗೆ ಅರಿಸಿನ ಕುಂಕುಮ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು. "ಉರುಳಿಸು," ಎಂದರು ಅತ್ತೆ. ಉರುಳಿಸಿದೆ, ನಿಂಬೆಹಣ್ಣು ಪಚಕ್ಕೆಂದಿತು. ಸೈಕಲ್ ಸದ್ದಿಲ್ಲದೆ ಮುಂದೆ ಹೋಯಿತು. ಸದ್ದಿಲ್ಲದೆ! ಆಗಲೇ ನನಗೆ ಹೊಳೆಯಬೇಕಿತ್ತು. ಪೆಡಲ್ ತುಳಿಯದೆ ಉರುಳಿಸಿದರೆ ಯಾವ ಸೈಕಲ್ಲಾದರೂ ಹಿಂದಿನ ಚಕ್ರದಿಂದ ಟಕಟಕ ಎನ್ನಬೇಕು. ನನಗೆ ಟಿಕೆಟ್ಟು, ಪೆಟ್ಟಿಗೆ, ಜಾಕೆಟ್ಟುಗಳ ಗಲಾಟೆ. ತಲೆಗೆ ಹೋಗಲಿಲ್ಲ. ಆ ತಪ್ಪು ನನ್ನದೇ, ಇವತ್ತಿಗೂ ನನ್ನದೇ.

ಮಾನ್ಯ ಆಗ ಹದಿನೇಳರವಳು, ನನ್ನ ಜೊತೆ ಬಂದಳು. ಮೆಲ್ಬರ್ನ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಬೆಟ್ಟದ ಮೇಲಿನ ವಸತಿಯಲ್ಲಿ ರೂಮಿನ ಹೀಟರ್ ಪಕ್ಕದಲ್ಲೇ ಸೈಕಲ್ ನಿಲ್ಲಿಸಿಕೊಂಡು ಮಲಗಿದೆವು.

ಬೆಳಗ್ಗೆ ಮೈನಸ್ ಆರು. ಸ್ಪರ್ಧಿಗಳಲ್ಲಿ ಹೆಂಗಸರು ಏಳು ಜನ. ಹೆಲ್ಮೆಟ್ಟಿನ ಕೆಳಗೆ ಮಂಕಿ ಕ್ಯಾಪ್ ಹಾಕಿದ್ದವಳು ನಾನೊಬ್ಬಳೇ, ಅತ್ತೆಯ ಕಟ್ಟಪ್ಪಣೆ. ಬಿಸಿ ಪಾನೀಯ ಒಂದು ಕಡ್ಡಾಯವಾಗಿ ಒಯ್ಯಬೇಕೆಂಬ ನಿಯಮವಿತ್ತು. ನನ್ನ ಫ್ಲಾಸ್ಕಿನಲ್ಲಿ ಮೆಣಸಿನ ಸಾರು. ಮಾನ್ಯ ತಲೆ ಚಚ್ಚಿಕೊಂಡಳು. "ಮಮ್, ನೋಬಡಿ ಬ್ರಿಂಗ್ಸ್ ರಸಂ ಟು ಎ ರೇಸ್."

"ನಾನು ತರ್ತೀನಿ ಕಣೇ, ಏನಿವಾಗ?" ಎಂದೆ.

ಹೊರಟೆವು. ಯಂತ್ರ ಓಡಿಸಿ ಅದುಮಿದ ಹಿಮದ ಹಾದಿ, ಮರದ ನೆರಳಿದ್ದ ಕಡೆ ಬರೀ ಮಂಜುಗಡ್ಡೆ. ಎರಡೂ ಬದಿಗೆ ಕೊಂಬೆ ತಿರುಚಿಕೊಂಡ ನೀಲಗಿರಿ ಮರಗಳು ಹಿಮ ಹೊತ್ತು ನಿಂತಿದ್ದವು. ಮೊದಲ ಹನ್ನೆರಡು ಕಿಲೋಮೀಟರು ಏರು. ನಾನು ತುಳಿದ ತುಳಿತ ಏನು ಹೇಳಲಿ! ಮರಳಿನಲ್ಲಿ ಬಿದ್ದ ಒಂದೊಂದು ಪೆಟ್ಟೂ ಅಲ್ಲಿ ಉಪಯೋಗಕ್ಕೆ ಬಂತು. ನನ್ನ ಅರ್ಧ ವಯಸ್ಸಿನ ಹುಡುಗರಿಬ್ಬರನ್ನು ದಾಟಿದೆ. ಟೈಮಿಗಿಂತ ಇಪ್ಪತ್ತು ನಿಮಿಷ ಮುಂದಿದ್ದೆ. ನಾಗರಾಜ್, ನೋಡಿ ಸ್ವಾಮಿ, ಎಂದು ಗಟ್ಟಿಯಾಗಿಯೇ ಕೂಗಿದೆ.

ಆಮೇಲೆ ಉದ್ದನೆಯ ಇಳಿಜಾರು. ತುಳಿಯುವುದು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟೆ. ಕೆಳಗೆ ಇಳಿದು ಮತ್ತೆ ತುಳಿದರೆ, ಪೆಡಲ್ ಗಿರ್ರನೆ ತಿರುಗಿತು. ಚಕ್ರ ತಿರುಗಲಿಲ್ಲ. ಇನ್ನೊಮ್ಮೆ ತುಳಿದೆ. ಬಾವಿಯ ಹಗ್ಗ ಹರಿದ ಮೇಲೆ ರಾಟೆ ತಿರುಗಿಸಿದಂತೆ, ಸುಮ್ಮನೆ ಗಿರ್ರ್. ನಿಂತೆ.

ಹಿಂದಿನ ಚಕ್ರದ ನಡುವೆ ಫ್ರೀವೀಲ್ ಇರುತ್ತದೆ. ಅದರೊಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಕೊಂಡಿಗಳು. ಸ್ಪ್ರಿಂಗಿನ ಬಲಕ್ಕೆ ಅವು ಎದ್ದು ಹಲ್ಲಿಗೆ ಸಿಕ್ಕಿಕೊಂಡರೆ ಮಾತ್ರ ಪೆಡಲಿನ ಬಲ ಚಕ್ರಕ್ಕೆ ಹೋಗುತ್ತದೆ. ಟಕಟಕ ಎನ್ನುವುದೂ ಅವೇ. ಕೈಗವಸು ತೆಗೆದು ಬೆರಳು ಹಾಕಿ ಸವರಿದೆ. ಬೆಳ್ಳಗೆ ಮೇಣದಂಥದ್ದು ಬಂತು. ಹಿಮವಲ್ಲ. ಬೆರಳ ನಡುವೆ ಉಜ್ಜಿದರೆ ಕರಗಿತು. ಮೂಸಿದೆ. ಬೇಡ ಎಂದರೂ ಹಳೆಯ ಚಾಳಿ, ನಾಲಿಗೆಗೆ ತಾಗಿಸಿದೆ.

ಕೊಬ್ಬರಿ ಎಣ್ಣೆ.

ಅತ್ತೆಗೆ ಹೊಲಿಗೆ ಮೆಷಿನ್ ಟಕಟಕ ಎಂದರೆ ಎಣ್ಣೆ ಒಣಗಿದೆ ಎಂದು ಅರ್ಥ. ಸೈಕಲ್ಲೂ ಟಕಟಕ ಎಂದಿತು. ಶಬ್ದ ನಿಲ್ಲುವವರೆಗೂ ಅಡುಗೆಮನೆಯ ಬೆಚ್ಚಗಿನ ಎಣ್ಣೆ ಬಿಟ್ಟಿದ್ದಾರೆ. ಹಳೆಯ ಸೈಕಲ್ಲು, ಸಂದುಗಳೆಲ್ಲ ಸಡಿಲ, ಪೂರಾ ಕುಡಿದುಬಿಟ್ಟಿದೆ. ರಾತ್ರಿ ಹೀಟರ್ ಪಕ್ಕದಲ್ಲಿ ತೆಳ್ಳಗಿದ್ದದ್ದು ಮೈನಸ್ ಆರರಲ್ಲಿ ಕಲ್ಲಾಗಿ ಕೊಂಡಿಗಳನ್ನು ಹಿಡಿದುಕೊಂಡಿದೆ. ಅಯ್ಯೋ ಅತ್ತೆ, ಅಯ್ಯೋ ನನ್ನಪ್ಪಾ, ಎಂದು ಹಿಮದ ಮೇಲೆ ಕುಕ್ಕರಿಸಿದೆ. ನಗು ಬಂತು. ಬೆನ್ನಿಗೇ ಸಿಟ್ಟೂ ಬಂತು. ನಾನು ಹಿಂದೆ ಹಾಕಿದ್ದ ಹುಡುಗರಿಬ್ಬರು ಕೈಬೀಸಿ ಮುಂದೆ ಹೋದರು.

ಎಣ್ಣೆ ಹೆಪ್ಪುಗಟ್ಟಿದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಬಾಟಲಿಯನ್ನು ಬಿಸಿನೀರಿನಲ್ಲಿ ಇಡುತ್ತೇವೆ. ಬಿಸಿ ನನ್ನ ಹತ್ತಿರ ಒಂದೇ ಇತ್ತು. ಫ್ಲಾಸ್ಕ್ ತೆಗೆದು ಮೆಣಸಿನ ಸಾರನ್ನು ಫ್ರೀವೀಲಿನ ಮೇಲೆ ಹುಯ್ದೆ. ಒಗ್ಗರಣೆಯ ಘಮ ಆ ಬೆಟ್ಟದ ಮೇಲೆ ಎದ್ದಿತು. ಕರಿಬೇವಿನ ಎಲೆಯೊಂದು ಚೈನಿಗೆ ಅಂಟಿಕೊಂಡಿತು. ಚಕ್ರ ಹಿಂದೆ ಮುಂದೆ ಅಲ್ಲಾಡಿಸಿದೆ. ಟಕ್. ಆಮೇಲೆ ಟಕಟಕ. ಹತ್ತಿ ಹೊರಟೆ.

ನಾಲ್ಕೇ ಕಿಲೋಮೀಟರು. ಮತ್ತೆ ಹಿಡಿದುಕೊಂಡಿತು. ಈಗ ಎಣ್ಣೆಯ ಜೊತೆ ಸಾರೂ ಗಟ್ಟಿಯಾಗಿತ್ತು. ಫ್ಲಾಸ್ಕ್ ಖಾಲಿ. ಇಳಿದು ತಳ್ಳಿದೆ. ಹಿಮದಲ್ಲಿ ಸೈಕಲ್ ತಳ್ಳುವುದೆಂದರೆ ಮೊಂಡು ಎಮ್ಮೆಯನ್ನು ಕೊಟ್ಟಿಗೆಯಿಂದ ಎಳೆದ ಹಾಗೆ. ಮಂಡಿ ಕಿರುಗುಟ್ಟಿತು. ಒಂದು ಗಂಟೆ ತಳ್ಳಿರಬೇಕು. ಒಬ್ಬೊಬ್ಬರೇ ದಾಟಿ ಹೋದರು, ಕೊನೆಗೆ ಯಾರೂ ಉಳಿಯಲಿಲ್ಲ. ಹಿಂದಿನಿಂದ ಹಿಮದ ಮೇಲೆ ಓಡುವ ಗಾಡಿಯೊಂದು ಗುರುಗುಟ್ಟುತ್ತಾ ಬಂತು. ಓಡಿಸುತ್ತಿದ್ದವಳು ಟ್ರೇಸಿ ಎಂಬ ದಪ್ಪ ಹೆಂಗಸು. ಹಿಂದುಳಿದವರನ್ನು ಹತ್ತಿಸಿಕೊಂಡು ಹೋಗುವುದು ಅವಳ ಕೆಲಸ.

"ಯೂ ರೈಟ್, ಲವ್? ಹಾಪ್ ಆನ್."

"ನೋ."

"ಯು ವೋಂಟ್ ಮೇಕ್ ಇಟ್ ಬೈ ಟೂ."

"ಐ ನೋ," ಎಂದೆ. "ಬಿಸಿನೀರು ಇದೆಯಾ ನಿನ್ನ ಹತ್ತಿರ?" ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದ್ದೆ. ಕೈಸನ್ನೆ ನೋಡಿ ಅವಳು ತನ್ನ ಟೀ ಫ್ಲಾಸ್ಕನ್ನೇ ಕೊಟ್ಟಳು. ಹುಯ್ದೆ. ಟಕಟಕ ಎಂದಿತು. ಆಗ ಹೊಳೆಯಿತು. ಅದು ಹಿಡಿದುಕೊಳ್ಳುವುದು ನಾನು ತುಳಿಯುವುದು ನಿಲ್ಲಿಸಿದಾಗ ಮಾತ್ರ. ತುಳಿಯುತ್ತಲೇ ಇದ್ದರೆ ಕೊಂಡಿಗಳು ಹಲ್ಲು ಕಚ್ಚಿಕೊಂಡೇ ಇರುತ್ತವೆ. ಸರಿ, ನಿಲ್ಲಿಸುವುದೇ ಇಲ್ಲ.

ಇನ್ನುಳಿದ ಇಪ್ಪತ್ತು ಕಿಲೋಮೀಟರು ಹಾಗೇ ತುಳಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡು ತುಳಿದೆ. ತಿರುವಿನಲ್ಲಿ ತುಳಿದೆ. ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುವಾಗ ತುಳಿದೆ. ತೊಡೆ ಉರಿದು ಹೋಯಿತು, ಮೂಗಿನ ನೀರು ಮಂಕಿ ಕ್ಯಾಪಿಗೆ ಅಂಟಿ ಗಟ್ಟಿಯಾಯಿತು. ಎರಡು ಗಂಟೆ ಆದದ್ದು ಕೈಗಡಿಯಾರದಲ್ಲಿ ಕಂಡಿತು. ಸೈಕಲ್ ಹೋಯಿತು, ಎಂದುಕೊಂಡೆ. ಮಾರಿದ ಮೇಲೆ ಉಳಿಯುವುದು ಆ ಕುರ್ಚಿ, ಆ ಫೋಟೋಗಳು. ಆದರೂ ಇಳಿಯಲಿಲ್ಲ. ಇವತ್ತು ಇದು ಇನ್ನೂ ನನ್ನದೇ ತಾನೇ, ಮುಗಿಸಿಯೇ ಮಾರುತ್ತೇನೆ! ಟ್ರೇಸಿ ಕೊನೆಯವರೆಗೂ ಹಿಂದೆಯೇ ಬಂದಳು, ಮತ್ತೆ ಹತ್ತು ಎನ್ನಲಿಲ್ಲ.

ಎರಡೂ ನಲವತ್ತಕ್ಕೆ ತಲುಪಿದೆ. ಮುಗಿಯುವ ಜಾಗದಲ್ಲಿ ಗಾಳಿ ತುಂಬಿ ನಿಲ್ಲಿಸಿದ್ದ ದೊಡ್ಡ ಕಮಾನನ್ನು ಬಿಚ್ಚಿ ಮಡಿಸುತ್ತಿದ್ದರು. ಗಡಿಯಾರ ಆರಿಸಿದ್ದರು. ಮೇಜಿನ ಹಿಂದಿನ ಹುಡುಗಿ ಸಂಕಟದಿಂದಲೇ ನನ್ನ ಹೆಸರಿನ ಮುಂದೆ ಡಿಎನ್‌ಎಫ್, ಅಂದರೆ "ಮುಗಿಸಿಲ್ಲ", ಎಂಬ ಇಂಗ್ಲಿಷಿನ ಮೂರಕ್ಷರ ಬರೆದಳು. ಮಡಿಸಿದ ಕಮಾನಿನ ಪಕ್ಕದಿಂದಲೇ ಸೈಕಲ್ ದಾಟಿಸಿ ನಿಲ್ಲಿಸಿದೆ. ಮಾನ್ಯ ಓಡಿ ಬಂದಳು. ನಡೆದದ್ದನ್ನು ಕೇಳಿ ಕೆಂಡವಾದಳು.

"ದಟ್ಸ್ ನಾಟ್ ಫೇರ್! ಟೆಲ್ ದೆಮ್! ಟೆಲ್ ನಾಗರಾಜ್ ಅಂಕಲ್! ಇಟ್ ವಾಸ್ ಅಜ್ಜೀಸ್ ಆಯಿಲ್!"

"ಬಾಯ್ಮುಚ್ಚು," ಎಂದೆ. "ಅಜ್ಜಿ ಹೆಸರು ಎತ್ತಿದ್ರೆ ನೋಡು. ಟೈಮೊಳಗೆ ಮುಗಿಸ್ತೀನಿ ಅಂದಿದ್ದು ನಾನು. ಮುಗಿಸ್ಲಿಲ್ಲ. ಅಷ್ಟೇ."

ಮನೆಗೆ ಬಂದು, ಏನೋ ಕೆಟ್ಟುಹೋಯ್ತು, ತಡ ಆಯ್ತು ಎಂದಷ್ಟೇ ಹೇಳಿದೆ. ಅತ್ತೆ ಏನೂ ಕೇಳಲಿಲ್ಲ. ಎರಡು ವಾರ ಕಳೆದು, ಹಬ್ಬಕ್ಕೆ ಮೂರು ದಿನವಿದ್ದಾಗ, ಪರ್ತ್‌ನಲ್ಲೂ ಚಳಿ ಕೊರೆಯುತ್ತಿದ್ದ ಒಂದು ಬೆಳಗ್ಗೆ ಅತ್ತೆ ತಲೆಗೆ ಹಚ್ಚಿಕೊಳ್ಳಲು ಎಣ್ಣೆಯ ಬಾಟಲಿ ತೆಗೆದರು. ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ತಲೆಕೆಳಗು ಮಾಡಿ ಹಿಡಿದು ಬಹಳ ಹೊತ್ತು ನೋಡಿದರು.

"ಶೋಭಾ, ಅಲ್ಲಿ ಚಳಿ ಇದಕ್ಕಿಂತ ಜಾಸ್ತಿ ಇತ್ತಾ?"

"ಹ್ಞೂಂ ಅತ್ತೆ, ಸ್ವಲ್ಪ ಜಾಸ್ತಿ."

ಅವರು ಬಾಟಲಿಯನ್ನು ಕಪಾಟಿನೊಳಗೆ ಇಟ್ಟರು. ಅಂದು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ.

ಗಣೇಶನ ಹಬ್ಬಕ್ಕೆ ನಾಗರಾಜ್ ಮನೆಯ ಹಾಲ್ ತುಂಬಿತ್ತು. ಮಂಗಳಾರತಿ ಆಯಿತು, ಕಡುಬು ಆಯಿತು. ನಾಗರಾಜ್ ಕೇಳುವ ತನಕ ಕಾಯಲಿಲ್ಲ, ನಾನೇ ಎದ್ದು ನಿಂತೆ. "ಯುಗಾದಿಲಿ ಒಂದು ಮಾತು ಹೇಳಿದ್ದೆ. ನಲವತ್ತು ಕಿಲೋಮೀಟರೂ ತುಳಿದೆ, ತಳ್ಳಿದೆ, ದಾಟಿದೆ. ಆದ್ರೆ ನಲವತ್ತು ನಿಮಿಷ ತಡ. ಟೈಮೊಳಗೆ ಮುಗಿಸ್ಲಿಲ್ಲ. ಸೈಕಲ್ ಮಾರ್ತಾ ಇದೀನಿ."

ನಾಗರಾಜ್ ಮುಖ ಸಣ್ಣದಾಯಿತು. "ಅಯ್ಯೋ ಬಿಡಿ ಮೇಡಂ, ನಾನು ತಮಾಷೆಗೆ ಅಂದಿದ್ದು."

"ನಾನು ತಮಾಷೆಗೆ ಅಂದಿರ್ಲಿಲ್ಲ."

"ಸರಿ ಹಾಗಾದ್ರೆ," ಎಂದರು ಅವರು, ಪಾಪ, ವಾತಾವರಣ ತಿಳಿ ಮಾಡಲು. "ನಾನೇ ತಗೋತೀನಿ. ಬೀಚಲ್ಲಿ ಓಡಿಸಿ ಹೊಟ್ಟೆ ಕರಗಿಸ್ತೀನಿ."

ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದೇವರ ಮುಂದೆ ಚಾಪೆಯ ಮೇಲೆ ಕೂತಿದ್ದ ಅತ್ತೆಯ ದನಿ ಬಂತು.

"ಅದು ಮಾರಾಟ ಆಗೋಯ್ತು ನಾಗರಾಜು."

"ಯಾರಿಗಮ್ಮಾ?"

"ನಂಗೆ."

ಅತ್ತೆ ನೆಲಕ್ಕೆ ಕೈಯೂರಿ ಎದ್ದರು. ತಟ್ಟೆಯಿಂದ ಎರಡು ವೀಳ್ಯದೆಲೆ, ಅಡಿಕೆ ತೆಗೆದುಕೊಂಡು, ಮೇಲೊಂದು ನಾಣ್ಯ ಇಟ್ಟು ನನ್ನ ಮುಂದೆ ಬಂದು ನಿಂತರು. "ತಗೋ."

"ಅತ್ತೆ, ಇದೆಲ್ಲ ಬೇಡ."

"ತಗೋ ಅಂದೆ. ಚಕ್ರಕ್ಕೆ ಕೊಬ್ಬರಿ ಎಣ್ಣೆ ಹುಯ್ದಿದ್ದು ನಾನು. ಚಳಿಗೆ ಅದು ಗಟ್ಟಿ ಆಗತ್ತೆ ಅಂತ ಹುಟ್ಟಿದಾಗಿಂದ ಗೊತ್ತು, ಆದ್ರೂ ಹುಯ್ದೆ. ಇವಳು ಸೋತೆ ಅಂತ ಇಷ್ಟು ಜನರ ಮುಂದೆ ನಿಂತು ಒಪ್ಕೊಂಡ್ಲು, ನನ್ನ ಹೆಸರು ಎತ್ತಲಿಲ್ಲ. ನಾನು ತಪ್ಪು ಮಾಡಿ ಬಾಯ್ಮುಚ್ಕೊಂಡು ಕಡುಬು ತಿನ್ಲಾ?"

ಪ್ರಕಾಶ ನೆಲ ನೋಡುತ್ತಿದ್ದ. ನಾನು ತಾಂಬೂಲ ತೆಗೆದುಕೊಂಡೆ. ಬೆಟ್ಟದ ಮೇಲೆ ಒಂದು ಹನಿಯೂ ಬರದ ಕಣ್ಣೀರು ಅಲ್ಲಿ ಧಾರಾಕಾರ ಬಂತು, ಎಲೆಯ ಮೇಲೆಲ್ಲ ಬಿತ್ತು.

"ತಾಂಬೂಲ ತಗೊಂಡ್ಮೇಲೆ ವ್ಯಾಪಾರ ಮುಗೀತು," ಎಂದರು ಅತ್ತೆ ನಾಗರಾಜ್ ಕಡೆ ತಿರುಗಿ. "ಇವಳ ಮಾತೂ ಉಳೀತು. ಇನ್ನು ಆ ಸೈಕಲ್ ನಂದು. ನಂಗಂತೂ ಓಡ್ಸಕ್ಕೆ ಬರಲ್ಲ. ಯಾರು ಓಡಿಸ್ಬೇಕು ಅಂತ ನಾನು ಹೇಳ್ತೀನಿ."

"ಮತ್ತೆ ಮುಟ್ಟಲ್ಲ ಅಂದಿದ್ರಲ್ಲಮ್ಮಾ," ಎಂದರು ನಾಗರಾಜ್ ಮೆಲ್ಲಗೆ.

"ಅವಳ ಸೈಕಲ್ ಮುಟ್ಟಲ್ಲ ಅಂದಿದ್ಲು. ಇದು ನನ್ನ ಸೈಕಲ್ಲು. ಕೂತ್ಕೊಳಪ್ಪಾ ನೀನು."

ನಾಗರಾಜ್ ಕೂತರು. ಅತ್ತೆ ನನ್ನ ಗಲ್ಲ ಹಿಡಿದು ಮುಖ ಎತ್ತಿದರು, ಸೆರಗಿನಿಂದ ಒರಟಾಗಿ ಕಣ್ಣೊರೆಸಿದರು.

"ನನ್ನ ಸಾಮಾನು ಗ್ಯಾರೇಜಲ್ಲಿ ತುಕ್ಕು ಹಿಡೀಬಾರ್ದು. ನಾಳೆ ಎಷ್ಟು ಗಂಟೆಗೆ ಹೊರಡ್ತೀಯ?"

"ಐದಕ್ಕೆ."

"ತಡ ಮಾಡ್ಬೇಡ."

ಮರುದಿನ ನಾಲ್ಕೂವರೆಗೇ ಹೊರಟೆ.